ನೀನು ಕೇಳಿದ ಟ್ಯೂಬ್ ಕಳಿಸುತ್ತಿಲ್ಲ

ಗೆಳೆಯಾ,

ನಿನ್ನ ಹೆಂಡತಿ, ನಮ್ಮ ವೈನಿಯವರ ಮುಖದ ಕಲೆಗೆ ಅಂತ, ಬ್ಯಾಡಗಿ ಕಡೆ ಬರುವವರು ಯಾರಾದರೂ ಸಿಕ್ಕರೆ ಎರಡು ಟ್ಯೂಬ್ ಕೊಟ್ಟು ಕಳಿಸು ಅಂತ ನೀನು ಅಂದಿದ್ದೆ. ಕಳಿಸುತ್ತಿಲ್ಲ. ಸಿಟ್ಟಾಗಬೇಡ. ಯಾಕೆ ಅಂತ ಓದು, ಓದಿ ವೈನಿಯವರಿಗೂ ಕೊಡು.

ಫೋಟೊ ದೊಡ್ಡದು ಮಾಡಿ ನೋಡಿದೆ. ಎರಡೂ ಕೆನ್ನೆಗೆ ಒಂದೇ ತರಹ ಕಂದು ಕಲೆ. ಮೂಗಿನ ಮೇಲೆ ಸ್ವಲ್ಪ, ಮೇಲ್ದುಟಿಯ ಮೇಲೂ ತೆಳುವಾಗಿ ಇದೆ. ಬಂಗು ಇದ್ದ ಹಾಗೇ ಕಾಣುತ್ತದೆ. ಡಾಕ್ಟರು ಚೀಟಿಯಲ್ಲಿ ಮೆಲಾಸ್ಮಾ ಅಂತ ಬರೆಯುವುದು ಇದಕ್ಕೇ. ಹೌದೋ ಅಲ್ಲವೋ ಅಂತ ಹೇಳಬೇಕಾದವರೂ ಅವರೇ, ನಾನು ಗದಗಿನಲ್ಲಿ ಔಷಧಿ ಅಂಗಡಿ ಇಟ್ಟವನು ಅಷ್ಟೇ.

'ಕಣದಾಗ ನಾನೂ ಬಿಸಿಲಾಗ ನಿಲ್ತೀನಿ, ನನಗ್ಯಾಕ ಆಗಿಲ್ಲ?' ಅಂತ ಕೇಳಿದ್ದೀಯಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳನ್ನು ಬಿಸಿಲು ಕೆಣಕುತ್ತದೆ. ಹೆಣ್ಣುಮಕ್ಕಳಲ್ಲಿ ಬಸಿರು, ಗರ್ಭನಿರೋಧಕ ಗುಳಿಗೆ, ಹಾರ್ಮೋನ್ ಏರುಪೇರು ಅದೇ ಜೀವಕೋಶಗಳನ್ನು ಮೊದಲೇ ಎಬ್ಬಿಸಿ ಕೂರಿಸಿರುತ್ತವೆ. ಆಮೇಲೆ ಸ್ವಲ್ಪ ಬಿಸಿಲು ತಾಗಿದರೂ ಸಾಕು. ಗಂಡಸರಿಗೂ ಬರುತ್ತದೆ, ಆದರೆ ಕಡಿಮೆ. ಅವ್ವನಿಗೆ ಇದ್ದರೆ ಮಗಳಿಗೂ ಬರುವ ಸಾಧ್ಯತೆ ಜಾಸ್ತಿ. ವೈನಿಯವರಿಗೆ ಎರಡನೇ ಬಸಿರಿನಲ್ಲಿ ಶುರುವಾಯಿತು ಅಂದೆ. ಹೆರಿಗೆ ಆದಮೇಲೆ ಎಷ್ಟೋ ಜನರಿಗೆ ತಾನಾಗಿಯೇ ತಿಳಿಯಾಗುತ್ತದೆ. ಅವರು ಮತ್ತೆ ಮೆಣಸಿನಕಾಯಿ ಒಣಹಾಕುವ ಬಿಸಿಲಿಗೆ ಕೂತರಲ್ಲ, ಕಲೆ ಉಳಿದುಕೊಂಡಿತು. ಉಷ್ಣ, ಪಿತ್ತ ಅಂತ ನಿಮ್ಮ ಅವ್ವ ಸುಮ್ನೆ ಅವರ ಊಟ ಬಿಡಿಸುವುದು ಬೇಡ.

ಈಗ ಟ್ಯೂಬಿನ ಮಾತು. ನನ್ನ ಕೌಂಟರಿಗೆ ಎಷ್ಟೋ ಜನ ಬರುತ್ತಾರೆ. ತುದಿಯವರೆಗೂ ಸುತ್ತಿದ ಖಾಲಿ ಟ್ಯೂಬನ್ನು ಪರ್ಸಿನ ತಳದಿಂದ ತೆಗೆದು ಗಾಜಿನ ಮೇಲೆ ಇಡುತ್ತಾರೆ. ಹೆಸರು ಅಳಿಸಿ ಹೋಗಿರುತ್ತದೆ. 'ಇದನ್ನ ಕೊಡ್ರಿ, ಹಚ್ಚೋದು ಬಿಟ್ರ ಮುಖ ಉರೀತದ' ಅನ್ನುತ್ತಾರೆ. ಆ ಉರಿಯೇ ರೋಗ ಕಣೋ! ನೀನು ಕೇಳಿದ ಟ್ಯೂಬಿನಲ್ಲಿ ಕಲೆ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಉದುರಿಸುವ ಟ್ರೆಟಿನಾಯಿನ್ ಜೊತೆಗೆ ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್ ಇದೆ. ಮೊದಮೊದಲು ಮುಖ ಬೆಳಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಮೊಡವೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಬಂಗು ಮೊದಲಿಗಿಂತ ಗಾಢವಾಗಿ ಮರಳಬಹುದು. ಹೈಡ್ರೋಕ್ವಿನೋನ್ ಅತಿಯಾದರೆ ನೀಲಿಗಪ್ಪು ಕಲೆಯೂ ಬೀಳುತ್ತದೆ, ಅದು ಹೋಗುವುದು ಬಹಳ ಕಷ್ಟ. ಡಾಕ್ಟರು ನೋಡಿ ಕೆಲವೇ ವಾರಕ್ಕೆ ಕೊಟ್ಟರೆ, ಹಗುರ ಸ್ಟಿರಾಯ್ಡ್ ಇರುವ ಇಂಥ ಮೂರು ಔಷಧಿಯ ಕ್ರೀಮು ಒಳ್ಳೆಯದೇ. 2018ರಲ್ಲಿ ಸರ್ಕಾರ ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಅನ್ನುವ ಪಟ್ಟಿಗೆ ಸೇರಿಸಿತು. ಮಾರುವವರು ಮಾರುತ್ತಲೇ ಇದ್ದಾರೆ, ಆ ಮಾತು ಬೇರೆ.

ಹಾಗಾದರೆ ದಿನಾ ಏನು ಮಾಡಬೇಕು? ತೊಟ್ಟು ಬಿಡಿಸುವ ಕೆಲಸ ಚಪ್ಪರದ ನೆರಳಿಗೆ ತಂದುಬಿಡು, ಅದು ನಿನ್ನ ಕೈಲಿದೆ. 10ರಿಂದ 4ರವರೆಗಿನ ಬಿಸಿಲು ತಪ್ಪಲಿ. ತಲೆ ಮೇಲೆ ಸೆರಗು ಒಳ್ಳೆಯದೇ, ಆದರೆ ಅದು ಕೆನ್ನೆ ಮುಚ್ಚುವುದಿಲ್ಲ, ಮೇಲೊಂದು ಅಗಲ ಅಂಚಿನ ಟೊಪ್ಪಿಗೆ ಇರಲಿ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವ ಸನ್‌ಸ್ಕ್ರೀನ್ ತಗೋ. ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಮುಖಕ್ಕೆ, ಕುತ್ತಿಗೆಗೆ ಬೇಕು. ನಮ್ಮವರು ಕಡಲೆಯಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು, ಅದಕ್ಕೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಇನ್ನೂ ಮೇಲು. ಹಾವೇರಿಗೆ ಬಸ್ಸಿನಲ್ಲಿ ಹೋಗುವಾಗ ಗಾಜು ಹಾಕಿದ್ದರೂ ಚರ್ಮ ಕಪ್ಪಾಗಿಸುವ ಯುವಿಎ ಕಿರಣ ಒಳಗೆ ಬರುತ್ತದೆ, ನೆರಳಿನ ಕಡೆ ಕೂರಲಿ.

ಲಿಂಬೆಹಣ್ಣು ಉಜ್ಜುವುದು ಮಾತ್ರ ಇವತ್ತೇ ನಿಲ್ಲಿಸು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆ ಬೀಳುತ್ತದೆ. ಕಲೆ ಅಂದರೆ ಕೊಳೆ ಅಲ್ಲ, ತಿಕ್ಕಿದರೆ ಇನ್ನೂ ಕಪ್ಪಾಗುತ್ತದೆ. ಇನ್ನೊಂದು ನೋಡು. ಕಪ್ಪು ಕಲೆ, ಕುಂಕುಮ ಇಡುವ ಜಾಗದಲ್ಲೋ, ತಲೆಗೆ ಬಣ್ಣ ಹಚ್ಚಿದ ಅಂಚಿನಲ್ಲೋ ಇದ್ದರೆ ಅದು ಅಲರ್ಜಿ ಇರಬಹುದು. ಆಗ ಕುಂಕುಮ, ಡೈ ಬದಲಿಸಬೇಕು.

ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ (ಈಗ ಅದರ ಹೆಸರು ಕೆಎಂಸಿಆರ್‌ಐ) ಚರ್ಮರೋಗ ವಿಭಾಗ ಇದೆ, ಕರೆದುಕೊಂಡು ಬಾ. ಮಗುವಿಗೆ ಹಾಲು ಕುಡಿಸುತ್ತಿದ್ದಾರೆ ಅಂತ ಮೊದಲೇ ಹೇಳಲಿ, ಗುಳಿಗೆ ನುಂಗುತ್ತಿದ್ದರೆ ಅದನ್ನೂ. ಈವರೆಗೆ ಹಚ್ಚಿದ ಟ್ಯೂಬ್ ಎಸೆದಿದ್ದರೆ ಹುಡುಕಿ ತಾ, ಡಾಕ್ಟರಿಗೆ ತೋರಿಸಬೇಕು. ಬಹಳ ದಿನ ಹಚ್ಚಿದ್ದರೆ ಹೇಗೆ ಬಿಡಬೇಕು ಅಂತ ಅವರೇ ಹೇಳಲಿ. ಯಾವ ದಿನ ಬರುತ್ತೀ ಅಂತ ತಿಳಿಸು, ನಾನೂ ಗದಗಿನಿಂದ ಬೆಳಗಿನ ರೈಲು ಹಿಡಿಯುತ್ತೇನೆ.

ಇತಿ,
ನಿನ್ನ ಔಷಧಿ ಅಂಗಡಿ ಗೆಳೆಯ