ಮುಷ್ಟಿ ಮುಚ್ಚಿ ನಿಂತವನಿಗೆ

ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾದ ಮೇಲೆ, ಹೋದ ಭಾನುವಾರ ಟೆನಿಸ್ ಡಬಲ್ಸ್‌ನಲ್ಲಿ ಪೂರ್ತಿ ಒಂದು ಸೆಟ್ ಆಡಿದೆ. 3-6ರಲ್ಲಿ ಸೋತೆವು, ಅದು ಬೇರೆ ಮಾತು. ಮಂಡಿ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಕೊರೆಯಲ್ಲ. ಡಾಕ್ಟರಿಗೆ, ಫಿಸಿಯೋಗೆ, ದಿನಾ ಊಟ ಕಳಿಸಿದ ಅತ್ತಿಗೆಗೆ, ಆಫೀಸಿನಲ್ಲಿ ನನ್ನ ಕೆಲಸವನ್ನೂ ಹೊತ್ತವರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಡಬಲ್ಸ್ ಆಟಗಾರ ರೋಹನ್ ಬೋಪಣ್ಣ ಅವರಿಗೂ. ಅವರು ಇದನ್ನು ಓದಲ್ಲ, ಇರಲಿ. 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಖುರೇಷಿ ಜೊತೆ ಆಡಿ, ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ 6-6 ಆದಮೇಲಿನ ಟೈಬ್ರೇಕ್‌ನಲ್ಲಿ ಕಳೆದುಕೊಂಡರಲ್ಲ, ಅವತ್ತಿಂದ ಅವರ ಒಂದೊಂದು ಸ್ಕೋರೂ ನೋಡುತ್ತಾ ಬಂದವನು ನಾನು. 2017ರಲ್ಲಿ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದರು, ಅದೂ ಎರಡು ಮ್ಯಾಚ್ ಪಾಯಿಂಟ್‌ನಿಂದ ಬಚಾವಾಗಿ. ಆದರೆ 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಇನ್ನು ಸಾಕು ಅಂತ ಹೆಂಡತಿಗೆ ವಿಡಿಯೋ ಕಳಿಸಿದ್ದರಂತೆ. ಮಂಡಿಯ ಕಾರ್ಟಿಲೇಜ್ ಬೇರೆ ಸವೆದುಹೋಗಿತ್ತು. ಅಂಥವರು 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ವಿಶ್ವ ನಂಬರ್ ಒನ್ ಆದರು. ಅವರಿಗೆ ಅಯ್ಯಂಗಾರ್ ಯೋಗ ಕೈಹಿಡಿಯಿತು. ನನ್ನನ್ನು ಸೀದಾ ಆಪರೇಷನ್ ಟೇಬಲ್ಲಿಗೇ ಹತ್ತಿಸಿದರು.

ಉಳಿದ ಮಾತೆಲ್ಲ ನನ್ನ ಡಬಲ್ಸ್ ಜೋಡಿಗೆ. ಹೆಸರು ಹಾಕಿದ್ರೆ ಸಾಯಿಸ್ತೀನಿ ಅಂದಿದ್ದಾನೆ, ಹಾಕಲ್ಲ. ಬೋಪಣ್ಣ ಎಷ್ಟೋ ಜೋಡಿ ಬದಲಿಸಿದ್ದಾರೆ, ಟೂರ್‌ನಲ್ಲಿ ಅದು ಸಹಜ. ನನಗೆ ಮಾತ್ರ 14 ವರ್ಷದಿಂದ ಇವನೊಬ್ಬನೇ.

ಆಪರೇಷನ್ ಆದ ರಾತ್ರಿ, ಸುಮಾರು ಎರಡು ಗಂಟೆಗೆ ಮರಗಟ್ಟಿದ್ದ ಕಾಲಿಗೆ ನೋವು ಬಂತು. ಮನೆಯವರನ್ನು ಮಲಗೋಕೆ ಕಳಿಸಿ ಇವನು ಉಳಿದಿದ್ದ. ನಾನು ಸುಮ್ನೆ ಅವನ ಮೇಲೆ ಹಾರಾಡಿದೆ. ನನ್ನ ಆಟ ಮುಗೀತು, ಬೇರೆ ಯಾರನ್ನಾದರೂ ನೋಡ್ಕೋ, ಎದ್ದು ಹೋಗು ಅಂದೆ. ಇನ್ನೂ ಕೆಟ್ಟದಾಗಿ ಏನೇನೋ ಅಂದೆ, ಇಲ್ಲಿ ಬರೆಯೋಕಾಗಲ್ಲ. ಅವನು ಮಾತಾಡಲಿಲ್ಲ. ಕುರ್ಚಿಯಿಂದೆದ್ದು, ನನಗೆ ಬೆನ್ನು ಹಾಕಿ ನಿಂತು, ಒಂದು ಕೈ ಬೆನ್ನ ಹಿಂದೆ ತಂದು ಮುಷ್ಟಿ ಮುಚ್ಚಿದ.

ಡಬಲ್ಸ್ ಆಡುವವರಿಗೆ ಗೊತ್ತಿರುತ್ತೆ. ನೆಟ್ ಹತ್ತಿರ ನಿಂತವನು ಸರ್ವ್ ಮಾಡುವವನಿಗೆ ಹೀಗೆ ಕೈ ತೋರಿಸುತ್ತಾನೆ. ಬೆರಳು ಬಿಚ್ಚಿದರೆ, ನಾನು ಆ ಕಡೆ ನುಗ್ತೀನಿ, ನನ್ನ ಜಾಗ ನೀನು ನೋಡ್ಕೋ ಅಂತ. ಮುಷ್ಟಿ ಮುಚ್ಚಿದರೆ, ಇಲ್ಲೇ ಇರ್ತೀನಿ ಅಂತ.

ಅತ್ತುಬಿಟ್ಟೆ. ಮೂಗು ಸೋರಿಸಿಕೊಂಡು, ಮಕ್ಕಳ ಥರ. ನರ್ಸ್ ಓಡಿ ಬಂದರೆ ಇವನು, "ಏನಿಲ್ಲ ಸಿಸ್ಟರ್, ಸರ್ವ್ ಮಾಡೋಕೆ ಲೇಟ್ ಮಾಡ್ತಿದ್ದಾನೆ" ಅಂದ. ಬೆಳಗಿನವರೆಗೆ ಐಸ್ ಚೀಲ ಬದಲಿಸುತ್ತಾ ಕೂತಿದ್ದ. ಆಮೇಲಿನ ಎಂಟು ತಿಂಗಳು ಯಾರು ಕರೆದರೂ ಬೇರೆ ಜೋಡಿ ಆಡಲಿಲ್ಲ. ಅದಕ್ಕೆ ನನಗೆ ಸ್ವಲ್ಪ ಬೇಜಾರೇ ಇದೆ. ನಮ್ಮ ವಯಸ್ಸಿಗೆ ಎಂಟು ತಿಂಗಳು ಜಾಸ್ತಿನೇ ಅಲ್ವಾ?

ಭಾನುವಾರ 3-5ರಲ್ಲಿ ನಾನು ಸರ್ವ್‌ಗೆ ನಿಂತಿದ್ದೆ. ಕೊನೇ ಪಾಯಿಂಟ್. ಬೆನ್ನ ಹಿಂದೆ ಐದೂ ಬೆರಳು ಬಿಚ್ಚಿ ತೋರಿಸಿದ. ಪುಣ್ಯಾತ್ಮ ನುಗ್ಗಿಯೇಬಿಟ್ಟ. ಖಾಲಿ ಬಿದ್ದ ಅವನ ಜಾಗಕ್ಕೆ ಈ ಮಂಡಿ ಹೊತ್ತುಕೊಂಡು ನಾನು ಓಡಬೇಕಾಯ್ತು.

ಚೆಂಡು ಸಿಗಲಿಲ್ಲ. ಆದ್ರೆ ಓಡಿದೆ ಕಣೋ.