ಮಲೇರಿಯಾದ ಜೀನೋಮ್ ಓದಿದರೆ ಜ್ವರ ಬಂದವನಿಗೇನು? ಅಪ್ಪನಿಗೊಂದು ಉತ್ತರ

ಕೇಂಬ್ರಿಡ್ಜ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಸರ್ವಿಸ್ ಪೂರ್ತಿ ಮಂಗಳೂರಿನ ಮನೆಮನೆ ಸುತ್ತಿ ಮಲೇರಿಯಾ ಪರೀಕ್ಷೆಗೆ ಗಾಜಿನ ಸ್ಲೈಡಿನ ಮೇಲೆ ರಕ್ತಲೇಪನ ತೆಗೆದವರು ನೀವು. ಮಲೇರಿಯಾ ಪರೋಪಜೀವಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿ ಜ್ವರ ಬಂದವನಿಗೆ ಏನು ಸಿಕ್ಕಿತು ಎಂದು ಹೋದ ಪತ್ರದಲ್ಲಿ ಕೇಳಿದ್ದೀರಿ. ನಿಮಗಲ್ಲದೆ ಇನ್ನಾರಿಗೂ ಇಷ್ಟು ಶ್ರದ್ಧೆಯಿಂದ ಉತ್ತರಿಸಬೇಕೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಕೆಲಸವೂ ನಿಮ್ಮದರಂತೆ ಬೆರಳಿನ ತುದಿಯಿಂದಲೇ ಆರಂಭವಾಗುತ್ತದೆ. ಸೂಜಿ ಚುಚ್ಚಿ ಬಂದ ಎರಡು ಮೂರು ಹನಿ ರಕ್ತವನ್ನು ಗಾಜಿನ ಬದಲು ಫಿಲ್ಟರ್ ಕಾಗದದ ಮೇಲೆ ಇಳಿಸಿ, ನೆರಳಲ್ಲಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸುತ್ತಾರೆ. ಲ್ಯಾಬಿನಲ್ಲಿ ಆ ಕಂದು ಕಲೆಯಿಂದ ಪುಟ್ಟ ಬಿಲ್ಲೆಯನ್ನು ಕತ್ತರಿಸಿ ಡಿಎನ್‌ಎ ಬಿಡಿಸಿಕೊಂಡರೆ ಸಿಗುವುದರಲ್ಲಿ ಬಹುಪಾಲು ರೋಗಿಯದೇ ಆಗಿರುತ್ತದೆ. ಪರೋಪಜೀವಿಯದನ್ನು ಮಾತ್ರ ಹೆಚ್ಚಿಸಿಕೊಂಡು ಓದುವುದೇ ಇಲ್ಲಿನ ಕಸುಬು. ನೀವು ಪಿ.ಎಫ್. ಎನ್ನುತ್ತಿದ್ದ, ಮಲೇರಿಯಾ ಪರೋಪಜೀವಿಗಳಲ್ಲೇ ಅತಿ ಮಾರಕವಾದ ಫಾಲ್ಸಿಪಾರಂನ ಪೂರ್ಣ ಜೀನೋಮ್ ಪ್ರಕಟವಾದದ್ದು 2002ರ ಅಕ್ಟೋಬರ್‌ನಲ್ಲಿ. ಹದಿನಾಲ್ಕು ಕ್ರೋಮೋಸೋಮ್, ಸುಮಾರು 2.3 ಕೋಟಿ ಅಕ್ಷರ, ಐದು ಸಾವಿರಕ್ಕೂ ಹೆಚ್ಚು ಜೀನ್‌ಗಳು. ಅದರ ದೊಡ್ಡ ಪಾಲನ್ನು ಓದಿದ್ದು ಇಲ್ಲಿಗೆ ಹತ್ತಿರದ ಹಿಂಕ್ಸ್‌ಟನ್ ಹಳ್ಳಿಯ ಸ್ಯಾಂಗರ್ ಸಂಸ್ಥೆಯಲ್ಲಿ.

ಇದರಿಂದ ಆದ ಪ್ರಯೋಜನಕ್ಕೆ ಮಲೇರಿಯಾದ ಹಳೆಯ ಮಾತ್ರೆಯಾದ ಕ್ಲೋರೋಕ್ವಿನ್‌ನ ಕಥೆಯೇ ಸಾಕ್ಷಿ. ಆ ಮಾತ್ರೆಗೆ ಬಗ್ಗದ ಪರೋಪಜೀವಿ ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ 1950ರ ದಶಕದ ಕೊನೆಗೇ ಕಾಣಿಸಿಕೊಂಡಿತ್ತು, 1973ರಲ್ಲಿ ಅಸ್ಸಾಮಿನಲ್ಲೂ ಪತ್ತೆಯಾಯಿತು. ಆದರೆ ಅದಕ್ಕೆ ಕಾರಣವಾದ ಜೀನ್ ಯಾವುದೆಂದು ಗೊತ್ತಾದದ್ದು 2000ದಲ್ಲಿ. ಅಷ್ಟರಲ್ಲಿ ಆಫ್ರಿಕಾದಲ್ಲಿ ಎಷ್ಟು ಮಕ್ಕಳು ಕೆಲಸ ಮಾಡದ ಮಾತ್ರೆ ನುಂಗಿ ಸತ್ತರೆಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಆಮೇಲೆ ಬಂದ ಆರ್ಟಿಮಿಸಿನಿನ್ ಔಷಧದ ವಿಷಯದಲ್ಲಿ ಹಾಗಾಗಲಿಲ್ಲ. ಔಷಧ ಕೊಟ್ಟ ಮೂರನೆಯ ದಿನವೂ ಪಶ್ಚಿಮ ಕಾಂಬೋಡಿಯಾದ ರೋಗಿಗಳ ಸ್ಲೈಡಿನಲ್ಲಿ ಪರೋಪಜೀವಿ ಉಳಿದಿರುವುದು ವರದಿಯಾದ ಕೆಲವೇ ವರ್ಷಗಳಲ್ಲಿ, 2014ರ ಹೊತ್ತಿಗೆ, ಅದಕ್ಕೆ ಕಾರಣವಾದ 13ನೇ ಕ್ರೋಮೋಸೋಮ್‌ನ ಕೆಲ್ಚ್ 13 ಎಂಬ ಜೀನ್ ಸಿಕ್ಕಿಬಿದ್ದಿತ್ತು. ಅಲ್ಲಿ ಹೆಚ್ಚು ಹರಡಿದ ರೂಪಾಂತರದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಜೊತೆಗೆ ಕೊಡುತ್ತಿದ್ದ ಪೈಪರಾಕ್ವಿನ್ ಕೂಡ ಸೋತಾಗ, ಅಲ್ಲಿನ ಪರೋಪಜೀವಿಗಳಲ್ಲಿ ಮೆಫ್ಲೋಕ್ವಿನ್ ಎಂಬ ಇನ್ನೊಂದು ಔಷಧವನ್ನು ತಾಳಿಕೊಳ್ಳುವ ಗುರುತು ಅಪರೂಪವಾಗಿದೆಯೆಂದು ಜೀನ್‌ಗಳು ತೋರಿಸಿದವು, ಕಾಂಬೋಡಿಯಾ ಮತ್ತೆ ಆರ್ಟಿಮಿಸಿನಿನ್ ಬಳಗದ ಆರ್ಟೆಸುನೇಟ್–ಮೆಫ್ಲೋಕ್ವಿನ್‌ಗೆ ಮರಳಿತು. ಜ್ವರ ಬಂದವನಿಗೆ ಸಿಕ್ಕಿದ್ದು ಇದು, ಅಪ್ಪಾ: ಕೆಲಸ ಮಾಡುವ ಮಾತ್ರೆ. ರುವಾಂಡಾದಲ್ಲಿ ಕೆಲ್ಚ್ 13ರ ರೂಪಾಂತರ ಕಂಡಾಗಲೂ ಅದು ಏಷ್ಯಾದಿಂದ ಬಂದದ್ದಲ್ಲ, ಅಲ್ಲಿಯೇ ಹುಟ್ಟಿದ್ದು ಎಂದು ತಿಳಿದದ್ದು ಜೀನೋಮ್‌ನಿಂದಲೇ. ಅಂದರೆ ಗಡಿ ಕಾಯ್ದರೆ ಸಾಲದು.

ನಿಮಗೆ ಸಮಾಧಾನ ತರುವ ಇನ್ನೊಂದು ಸಂಗತಿಯಿದೆ. ಎರಿಟ್ರಿಯಾದಲ್ಲಿ ಕ್ಷಿಪ್ರ ಪರೀಕ್ಷೆಯ ಕಿಟ್ ನೆಗೆಟಿವ್ ಎಂದು ತೋರಿಸಿದ ರೋಗಿಗಳ ಸ್ಲೈಡಿನಲ್ಲಿ ಫಾಲ್ಸಿಪಾರಂ ಸ್ಪಷ್ಟವಾಗಿ ಕಾಣುತ್ತಿತ್ತು. ಕಿಟ್ ಹುಡುಕುವ ಪ್ರೋಟೀನಿನ ಜೀನನ್ನೇ ಆ ಪರೋಪಜೀವಿಗಳು ಕಳೆದುಕೊಂಡಿದ್ದವು. 2016ರಲ್ಲಿ ಆ ದೇಶ ಕಿಟ್‌ಗಳನ್ನೇ ಬದಲಿಸಿತು. ಮೈಕ್ರೋಸ್ಕೋಪ್ ನೋಡುವವರು ಇಲ್ಲದಿದ್ದರೆ ಸಂಶಯವೇ ಹುಟ್ಟುತ್ತಿರಲಿಲ್ಲ. ಜೀನೋಮ್ ನಿಮ್ಮ ಸ್ಲೈಡಿನ ಜಾಗ ಕಿತ್ತುಕೊಳ್ಳುವುದಿಲ್ಲವೆಂದು ನಾನು ಇಲ್ಲಿ ಎಲ್ಲರೊಂದಿಗೂ ವಾದಿಸುತ್ತೇನೆ. ಫಲಿತಾಂಶ ಕ್ಷೇತ್ರದ ಕಾರ್ಯಕರ್ತರಿಗೆ ಬೇಗ ಮರಳದಿದ್ದರೆ ನಮ್ಮ ಓದು ಬರೀ ಕಡತ.

ಸೊಳ್ಳೆಯ ಕಡೆಗೂ ಕೆಲಸ ಸಾಗಿದೆ. ಓವರ್‌ಹೆಡ್ ಟ್ಯಾಂಕಿನಲ್ಲಿ, ಕಟ್ಟಡಗಳ ಕ್ಯೂರಿಂಗ್ ನೀರಿನಲ್ಲಿ ನೀವು ಬೇಟೆಯಾಡುತ್ತಿದ್ದ ನಮ್ಮೂರಿನ ಅನಾಫಿಲಿಸ್ ಸ್ಟೀಫೆನ್ಸಿ 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡು, ಈಗ ಆಫ್ರಿಕಾದ ಪಟ್ಟಣಗಳಿಗೆ ಹೊಸ ಭಯವಾಗಿದೆ. ಆ ಸೊಳ್ಳೆಯ ಭಾರತೀಯ ತಳಿಯ ಜೀನೋಮನ್ನು ಕ್ರೋಮೋಸೋಮ್ ಮಟ್ಟದಲ್ಲಿ ಜೋಡಿಸಿ 2022ರಲ್ಲಿ ಪ್ರಕಟಿಸಿದವರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳಿದ್ದಾರೆ. ಕೀಟನಾಶಕಕ್ಕೆ ಅದು ಹೇಗೆ ಒಗ್ಗಿಕೊಳ್ಳುತ್ತಿದೆಯೆಂದು ಹುಡುಕುವವರಿಗೆ ಅದು ಗಟ್ಟಿ ಆಧಾರ.

ಆದರೆ ನಮ್ಮ ಮಂಗಳೂರಿನ ಬಹುಪಾಲು ಮಲೇರಿಯಾ ಜ್ವರಕ್ಕೆ ಕಾರಣವಾದ ಇನ್ನೊಂದು ಪರೋಪಜೀವಿ ವೈವಾಕ್ಸ್ ಮುಂದೆ ನಾವಿನ್ನೂ ಹಿಂದಿದ್ದೇವೆ. ಅದರ ಜೀನೋಮ್ 2008ರಲ್ಲೇ ಬಂದಿದ್ದರೂ, ಮರಳಿ ಬಂದ ಜ್ವರ ಯಕೃತ್ತಿನಲ್ಲಿ ಅಡಗಿದ್ದ ಪರೋಪಜೀವಿಯದೋ ಹೊಸ ಕಡಿತದ್ದೋ ಎಂದು ಖಚಿತವಾಗಿ ಹೇಳುವುದು ಇಂದಿಗೂ ಕಷ್ಟ. ಹಾಗಾಗಿ ತಮ್ಮನಿಗೆ ಈ ಮಳೆಗಾಲದಲ್ಲಿ ಚಳಿಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಪಿ.ವಿ., ಅಂದರೆ ವೈವಾಕ್ಸ್, ಎಂದು ಬಂದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಜ್ವರ ಬಿಟ್ಟಿತೆಂದು, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ ನಿಲ್ಲಿಸದೆ ಹದಿನಾಲ್ಕು ದಿನವೂ ನುಂಗುವಂತೆ ನೀವೇ ಎದುರು ಕೂತು ನೋಡಿಕೊಳ್ಳಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು