ಚೌಕಿಯ ಫೋಟೋಗಳ ಕುರಿತು ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಕಳೆದ ಶನಿವಾರ ಕುಂಬಳೆಯಲ್ಲಿ ನಡೆದ ನಮ್ಮ ಮಕ್ಕಳ ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಬಣ್ಣದ ಕೋಣೆಯಲ್ಲಿ), ಅರ್ಧ ಮುಖಕ್ಕಷ್ಟೇ ಬಣ್ಣ ಹಚ್ಚಿಕೊಂಡು ಕನ್ನಡಿ ಹಿಡಿದು ಕುಳಿತಿದ್ದ ಬಾಲಕಿಯ ಫೋಟೋವನ್ನು ಯಾರೋ ನಮ್ಮ ಈ ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದು ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆ. "ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ?" ಎಂದು ಆಕೆಯ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ವಯಸ್ಕರು ಸಾರ್ವಜನಿಕವಾಗಿ ಹಾಕುವ ಬರಹ, ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವುದಾಗಿ ಫೇಸ್‌ಬುಕ್ಕಿನ ಒಡೆತನದ ಮೆಟಾ ಕಂಪನಿಯೇ ಹೇಳಿದೆ. ಮಗುವಿಗೆ ಖಾತೆಯೇ ಇಲ್ಲದಿದ್ದರೂ ನಮ್ಮ ಖಾತೆಯ ಮೂಲಕ ಅದರ ಮುಖ ಅಲ್ಲಿಗೆ ತಲುಪಬಹುದು. ಯುರೋಪಿನ ಬಳಕೆದಾರರಿಗೆ 2025ರಲ್ಲಿ ಆಕ್ಷೇಪಣೆ ಸಲ್ಲಿಸುವ ಅವಕಾಶವಾದರೂ ಸಿಕ್ಕಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ದತ್ತಾಂಶ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆಯಾದರೂ, ವ್ಯಕ್ತಿಯು ತನ್ನ ಬಗ್ಗೆ ತಾನೇ ಬಹಿರಂಗಪಡಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತರಬೇತಿಯಲ್ಲಿ ಒಮ್ಮೆ ಬೆರೆತದ್ದನ್ನು ಮತ್ತೆ ಹೆಕ್ಕಿ ತೆಗೆಯುವುದು ಬಹಳ ಕಷ್ಟ.

ಆದ್ದರಿಂದ ಹೆತ್ತವರನ್ನು ಕೇಳದೆ ಮಕ್ಕಳ ಫೋಟೋವನ್ನು ಯಾರೂ ಗುಂಪಿನಿಂದ ಹೊರಗೆ ಹಾಕಬಾರದು; ಈಗಾಗಲೇ ಹಾಕಿದವರು ಇಂದೇ ಅಳಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಚಾಟ್ ಎಕ್ಸ್‌ಪೋರ್ಟ್ ಆಗದಂತೆ, ಫೋಟೋಗಳು ತಾವಾಗಿಯೇ ಫೋನಿಗೆ ಇಳಿಯದಂತೆ ತಡೆಯುವ ವಾಟ್ಸ್‌ಆ್ಯಪ್‌ನ ಗೌಪ್ಯತಾ ವ್ಯವಸ್ಥೆಯನ್ನು ಗುಂಪಿನಲ್ಲಿ ಆನ್ ಮಾಡಿದ್ದೇನೆ. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಅದು ತಡೆಯದು.

ಗುಂಪಿನ ಅಡ್ಮಿನ್